ಯುವನಿಧಿ ಕಂತು ಬರಲಿಲ್ಲವೇ? ಹೀಗೆ ಪತ್ತೆ ಹಚ್ಚಿ

ಯುವನಿಧಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ: ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ಕಂತು ನಿಂತರೆ ಕಚೇರಿಗೆ ಓಡುವ ಮುಂಚೆ ಮೊಬೈಲ್‌ನಲ್ಲೇ ನೋಡಿ.

ಸರ್ಕಾರದ ಹಣ ಜಮೆಯಾದದ್ದು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಜಮೆ ಅಂತಿದ್ದು ಪಾಸ್‌ಬುಕ್‌ನಲ್ಲಿ ಇಲ್ಲವಾದರೆ, ಹಣ ನಿಮ್ಮದೇ ಇನ್ನೊಂದು ಖಾತೆಗೆ ಹೋಗಿರಬಹುದು. ಈ ಹಣ ಆಧಾರ್ ಸೀಡಿಂಗ್ (ಸರ್ಕಾರಿ ಹಣ ಬೀಳಲು ಮಾಡುವ ಆಧಾರ್ ಜೋಡಣೆ) ಇರುವ ಖಾತೆಗೇ ಬೀಳುತ್ತದೆ. ಹಳೆಯದು ಗ್ರಾಮೀಣ ಬ್ಯಾಂಕಿನಲ್ಲಿ, ಆಮೇಲೆ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಇನ್ನೊಂದು ತೆರೆದು ಅಲ್ಲಿ ಸೀಡಿಂಗ್ ಆಗಿದ್ದರೆ ಹಣ ಅಲ್ಲಿಗೇ. ಆಧಾರ್ ಕೊಡುವ ಯುಐಡಿಎಐ ತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಬ್ಯಾಂಕಿನ ಹೆಸರು, ‘ಆಕ್ಟಿವ್’ ಎರಡೂ ಕಾಣಬೇಕು. ಇಲ್ಲದಿದ್ದರೆ ಬ್ಯಾಂಕಿನಲ್ಲಿ ಬರೀ ‘ಆಧಾರ್ ಲಿಂಕ್’ ಅನ್ನಬೇಡಿ, ಕೆವೈಸಿಗೆ (ಗುರುತಿನ ದಾಖಲೆಗೆ) ಮಾತ್ರ ಸೇರಿಸಿ ಕಳಿಸಿಬಿಡುತ್ತಾರೆ. ‘ಎನ್‌ಪಿಸಿಐ ಮ್ಯಾಪಿಂಗ್’ (ಸೀಡಿಂಗ್‌ಗೆ ಬ್ಯಾಂಕಿನವರು ಹೇಳುವ ಹೆಸರು) ಅಂತ ಕೇಳಿ, ಒಪ್ಪಿಗೆ ಫಾರ್ಮ್ ತುಂಬಿ ಸ್ವೀಕೃತಿ ತಗೊಳ್ಳಿ.

ಸೀಡಿಂಗ್ ಸರಿಯಿದ್ದೂ ಬರಲಿಲ್ಲವೇ? ಅರ್ಜಿ ಹಾಕಿದ ಸೇವಾಸಿಂಧು ತಾಣದಲ್ಲಿ ಸ್ವಯಂ ಘೋಷಣೆ ಬಾಕಿ ಇದೆಯೇ ನೋಡಿ. ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಿಲ್ಲ ಎಂದು ಆಗಾಗ ಘೋಷಿಸದಿದ್ದರೆ ಕಂತು ನಿಲ್ಲುತ್ತದೆ. ಎಂ.ಎ.ಗೆ ಸೇರಿ ಸುಳ್ಳು ಘೋಷಣೆ ಕೊಡುವುದು ಬೇಡ.

ಅರ್ಜಿಯೇ ಪರಿಶೀಲನೆಯಲ್ಲಿ ಸಿಕ್ಕಿಕೊಂಡಿದ್ದರೆ ಆಧಾರ್ ಮತ್ತು ಅಂಕಪಟ್ಟಿಯ ಹೆಸರು ಹೋಲಿಸಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇರುವುದು ನಮ್ಮ ಕಡೆ ಮಾಮೂಲು. ಪ್ರಮಾಣಪತ್ರ ಎನ್‌ಎಡಿಯಲ್ಲಿ (ಪ್ರಮಾಣಪತ್ರಗಳ ಸರ್ಕಾರಿ ಆನ್‌ಲೈನ್ ಸಂಗ್ರಹ) ಕಾಣದಿದ್ದರೆ ಕವಿವಿ (ಕರ್ನಾಟಕ ವಿಶ್ವವಿದ್ಯಾಲಯ) ಪದವೀಧರರು ಧಾರವಾಡದ ಪರೀಕ್ಷಾ ವಿಭಾಗಕ್ಕೇ ಹೋಗಬೇಕು. ಕರ್ನಾಟಕ ಒನ್, ಗ್ರಾಮ ಒನ್‌ನವರು ಅದನ್ನು ಸೇರಿಸಲಾರರು.

ಇಷ್ಟಾದ ಮೇಲೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಅರ್ಜಿ ಸಂಖ್ಯೆ, ಸೀಡಿಂಗ್ ಸ್ಕ್ರೀನ್‌ಶಾಟ್, ಪಾಸ್‌ಬುಕ್ ಜೆರಾಕ್ಸ್ ಸಮೇತ ಲಿಖಿತ ದೂರು ಕೊಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ.