ದಪ್ಪಗಿರುವ ಮಕ್ಕಳಿಗೆ ಕರಾಟೆ: ಮೊದಲ ತಿಂಗಳು ಹೀಗೆ ಮಾಡಿಸಿ

ನಾನು ರಾಯಚೂರಿನಲ್ಲಿ ಕರಾಟೆ ಕಲಿಸುತ್ತೇನೆ. ಹದಿಮೂರು, ಹದಿನಾಲ್ಕರ ದಪ್ಪ ಮಕ್ಕಳನ್ನು ಕರೆತಂದವರು ಮೊದಲು ಕೇಳುವುದು, "ಸರ್, ಎಷ್ಟು ಕೆಜಿ ಇಳೀತದ?" ದಯವಿಟ್ಟು ಅದನ್ನು ಮಗುವಿನ ಎದುರು ಕೇಳಬೇಡಿ. ಆ ಮುಖ ಬಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೊದಲ ತಿಂಗಳು ಜಿಗಿತ ಬೇಡ. ಒಬ್ಬ ಹುಡುಗನಿಗೆ ಮೊದಲ ದಿನವೇ ಸ್ಕಿಪ್ಪಿಂಗ್ ಮಾಡಿಸಿದೆ. ಮಂಡಿ ನೋವಾಗಿ ಎರಡು ವಾರ ಬರಲಿಲ್ಲ. ತಪ್ಪು ನನ್ನದೇ. ಈಗ ಹತ್ತು ನಿಮಿಷ ನಡಿಗೆ. ಆಮೇಲೆ ಕಾಲು ಅಗಲಿಸಿ ನಿಂತು ಪಂಚ್, ಸೊಂಟಕ್ಕಿಂತ ಕೆಳಗೇ ಕಿಕ್. ಎರಡು ನಿಮಿಷ ಮಾಡಿದರೆ ಒಂದು ನಿಮಿಷ ಸುಧಾರಿಸಿಕೊಳ್ಳಲಿ. ಮಾತಾಡಲೂ ಆಗದಷ್ಟು ಏದುಸಿರು ಬಂದರೆ ನಿಲ್ಲಿಸಿ.

ಮಗು ಕುಂಟುತ್ತಾ ತೊಡೆ ಅಥವಾ ಮಂಡಿ ನೋವು ಅಂದರೆ ಸೋಮಾರಿತನ ಅನ್ನಬೇಡಿ. ತೂಕ ಜಾಸ್ತಿ ಇರುವ ಈ ವಯಸ್ಸಿನವರಲ್ಲಿ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತುದಿ ಜಾರುವುದುಂಟು. ನೋವು ಮಂಡಿಯಲ್ಲಷ್ಟೇ ಕಾಣಬಹುದು. ಅಂದೇ ಮೂಳೆ ಡಾಕ್ಟರಿಗೆ ತೋರಿಸಿ, ನಡೆಸಬೇಡಿ.

ನಮ್ಮೂರ ಬಿಸಿಲು ಗೊತ್ತೇ ಇದೆ ಅಲ್ವಾ? ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 6ಕ್ಕೇ ಶುರು ಮಾಡಿ, ನೀರಿನ ಬಾಟಲಿ ಜೊತೆಗಿರಲಿ.

ವಾರಕ್ಕೆ ಮೂರು ಕ್ಲಾಸ್ ಸಾಲದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ ದಿನ ಸೈಕಲ್ ಹೊಡೆಯಲಿ. ಕ್ಲಾಸ್ ಮುಗಿದ ಮೇಲೆ ಮಿರ್ಚಿ ಬಂಡಿ ಕಡೆ ಹೋಗದೆ ಮನೆಯ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಕೊಡಿ.

ತೂಕದ ಬದಲು, ನಿಲ್ಲದೆ ಎಷ್ಟು ಪಂಚ್ ಹೊಡೆದ ಅಂತ ವಾರಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಅವನ ಕೈಯಿಂದಲೇ ಬರೆಸಿ.