ಗೊಣ್ಣೆ ಹುಳಕ್ಕೆ ಪುಡಿ ತರುವ ಮುಂಚೆ ನಿಮ್ಮ ಮಣ್ಣನ್ನೇ ಕೇಳಿ

ಅಡಿಕೆ, ಕಬ್ಬಿಗೆ ಬೇರು ತಿನ್ನುವ ಗೊಣ್ಣೆ ಹುಳದ ಕಾಟ ಇರುವವರಿಗೆ ಒಂದು ಸಲಹೆ. ಹುಳ ಕೊಲ್ಲುವ ಶಿಲೀಂಧ್ರ ನಿಮ್ಮ ಮಣ್ಣಲ್ಲೇ ಇದೆಯಾ ಅಂತ ಮನೆಯಲ್ಲೇ ನೋಡಬಹುದು.

ತೋಟ, ಗದ್ದೆ ಬದು, ಸೊಪ್ಪಿನ ಬೆಟ್ಟ, ಮೂರೂ ಕಡೆಯ ಮಣ್ಣನ್ನು ಬೇರೆ ಬೇರೆ ಡಬ್ಬಿಗೆ ತುಂಬಿ. ಮುಚ್ಚಳಕ್ಕೆ ಸಣ್ಣ ತೂತು ಮಾಡಿ. ಮಣ್ಣು ಹಸಿಯಾಗಿರಲಿ, ಕೆಸರಾಗಬಾರದು. ಹಳೇ ಜೇನು ಎರಿಯಲ್ಲಿ ಬಲೆ ಕಟ್ಟುವ ಮೇಣದ ಹುಳು ಸಿಗುತ್ತದಲ್ಲ, ಐದಾರು ಬಿಡಿ. (ಜೇನು ಸಾಕುವವರು ಖುಷಿಯಿಂದಲೇ ಕೊಡುತ್ತಾರೆ!) ನೆರಳಲ್ಲಿಟ್ಟು, ಮೊದಲ ಕೆಲವು ದಿನ ಡಬ್ಬಿ ತಲೆಕೆಳಗು ಮಾಡುತ್ತಿರಿ. ಇಲ್ಲದಿದ್ದರೆ ಹುಳು ಒಂದೇ ಕಡೆ ಗೂಡು ಕಟ್ಟಿ ಕೂರುತ್ತದೆ.

ಎರಡು ವಾರದೊಳಗೆ ಸತ್ತ ಹುಳುವಿನ ಮೈ ಗಟ್ಟಿಯಾಗಿ ಹಸಿರು ಪುಡಿ ಬಂದರೆ ಬಹುಶಃ ಮೆಟಾರೈಜಿಯಂ ಅನ್ನುವ ಶಿಲೀಂಧ್ರ. ಬಿಳಿ ಹಿಟ್ಟಿನಂತಿದ್ದರೆ ಬಿವೇರಿಯಾ ಅನ್ನುವ ಇನ್ನೊಂದು ಶಿಲೀಂಧ್ರ ಇರಬಹುದು. ಮೆತ್ತಗೆ ಕಪ್ಪಾಗಿ ಕೊಳೆತರೆ ಅದು ಬೇರೆ ರೋಗ. ಉತ್ತು ಬೆಳೆಯುವ ಮಣ್ಣಲ್ಲಿ ಹಸಿರಿನದು, ಮರಗಳಿರುವ ಕಡೆ ಬಿಳಿಯದು ಜಾಸ್ತಿ ಅಂತ ಹಲವು ದೇಶಗಳಲ್ಲಿ ಕಂಡಿದ್ದಾರೆ.

ಏನೂ ಬರಲಿಲ್ಲವಾ? ಆಗ ಮೆಟಾರೈಜಿಯಂ ಪುಡಿಯನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಮಳೆ ಹಿಡಿದ ಮೇಲೆ ಸಂಜೆ ಹೊತ್ತು ಬುಡಕ್ಕೆ ಕೊಟ್ಟು ಮಣ್ಣು ಮುಚ್ಚಿ. ಬಿಸಿಲಿಗೆ ಬಿದ್ದರೆ ಶಿಲೀಂಧ್ರ ಸಾಯುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಜೊತೆ ಮಾತ್ರ ಬೆರೆಸಬೇಡಿ, ಅದು ಶಿಲೀಂಧ್ರವನ್ನೇ ಕೊಲ್ಲುತ್ತದೆ, ದುಡ್ಡು ಸುಮ್ನೆ ದಂಡ.