ಹೊಸ ಗ್ರಂಥಾಲಯಕ್ಕೆ ಮೊದಲ ಭೇಟಿ: ಬೇಕಾದ ಪುಸ್ತಕವನ್ನು ತಲುಪುವುದು ಹೇಗೆ?

ಹೊಸದಾಗಿ ತೆರೆದ ಸಾರ್ವಜನಿಕ ಗ್ರಂಥಾಲಯವನ್ನು ನೋಡಲು ಹೋಗುವವರಲ್ಲಿ ಅನೇಕರು ಕಟ್ಟಡವನ್ನು ಕಣ್ತುಂಬಿಕೊಂಡು, ಒಂದಷ್ಟು ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಎತ್ತರದ ಚಾವಣಿ, ಗಾಜಿನ ಗೋಡೆ, ಸಾಲುಸಾಲು ಕಪಾಟು ಇವೆಲ್ಲ ನೋಡಲು ಯೋಗ್ಯವಾದವುಗಳೇ. ಆದರೆ ಗ್ರಂಥಾಲಯದ ನಿಜವಾದ ಪರಿಚಯವಾಗುವುದು ಅದನ್ನು ಬಳಸಿದಾಗ. ಆದ್ದರಿಂದ ಮೊದಲ ಭೇಟಿಗೆ ಒಂದೇ ಗುರಿ ಇಟ್ಟುಕೊಳ್ಳುವುದು ಲೇಸು: ನಿಮಗೆ ಬೇಕಾದ ಒಂದು ಪುಸ್ತಕವನ್ನು ನೀವೇ ಸೂಚಿಯಲ್ಲಿ, ಅಂದರೆ ಗ್ರಂಥಾಲಯದ ಪುಸ್ತಕಗಳ ಪಟ್ಟಿಯಲ್ಲಿ, ಹುಡುಕಿ, ಕಪಾಟಿನಲ್ಲಿ ಪತ್ತೆಹಚ್ಚಿ, ಅಲ್ಲೇ ಕುಳಿತು ಓದುವುದು ಅಥವಾ ಎರವಲು ಪಡೆದು ಮನೆಗೆ ತರುವುದು. ಇಷ್ಟನ್ನು ಒಮ್ಮೆ ಮಾಡಿದವರಿಗೆ ಆ ಗ್ರಂಥಾಲಯದ ಉಳಿದ ಪುಸ್ತಕಗಳ ದಾರಿಯೂ ತಾನಾಗಿಯೇ ತಿಳಿಯುತ್ತದೆ.

ಹೊರಡುವ ಮೊದಲು

ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ‘ಒಳ್ಳೆಯ ಪುಸ್ತಕ ಯಾವುದಿದೆ’ ಎಂಬ ಪ್ರಶ್ನೆಗೆ ಯಾವ ಗ್ರಂಥಪಾಲಕರೂ ನೇರ ಉತ್ತರ ಕೊಡಲಾರರು. ‘ಮನೆಯ ಸುತ್ತ ಕಾಣುವ ಹಕ್ಕಿಗಳನ್ನು ಗುರುತಿಸುವುದು ಹೇಗೆ’ ಎಂದು ಕೇಳಿದರೆ ಅವರು ನಿಮ್ಮನ್ನು ಒಂದು ನಿರ್ದಿಷ್ಟ ಕಪಾಟಿನವರೆಗೆ ಕರೆದೊಯ್ಯಬಲ್ಲರು. ಪ್ರಶ್ನೆ ಎಷ್ಟು ಸಣ್ಣದಾಗಿದ್ದರೆ ಮೊದಲ ಭೇಟಿ ಅಷ್ಟು ಸಫಲವಾಗುತ್ತದೆ.

ಗ್ರಂಥಾಲಯದ ಜಾಲತಾಣವಿದ್ದರೆ ತೆರೆಯುವ ಮತ್ತು ಮುಚ್ಚುವ ವೇಳೆ, ವಾರದ ರಜೆ, ಸದಸ್ಯತ್ವಕ್ಕೆ ಬೇಕಾದ ದಾಖಲೆಗಳು, ಒಳಗೆ ಚೀಲ ಒಯ್ಯಬಹುದೇ ಎಂಬ ನಿಯಮ, ಇಷ್ಟನ್ನು ಮೊದಲೇ ನೋಡಿಕೊಳ್ಳಿ. ಹೊಸ ಕಟ್ಟಡದಲ್ಲಿ ಎಲ್ಲ ವಿಭಾಗಗಳೂ ಒಂದೇ ದಿನ ತೆರೆಯುವುದು ವಿರಳ. ಮಕ್ಕಳ ವಿಭಾಗ ಸಿದ್ಧವಾಗಿದ್ದರೂ ಪರಾಮರ್ಶನ ವಿಭಾಗದ ಪುಸ್ತಕಗಳಿಗೆ ಇನ್ನೂ ಸಂಖ್ಯೆ ಅಂಟಿಸುತ್ತಿರಬಹುದು. ಉದ್ಘಾಟನೆಯ ನಂತರದ ರಜಾದಿನಗಳಲ್ಲಿ ಜನಸಂದಣಿ ಇದ್ದೇ ಇರುತ್ತದೆ. ಸಾಧ್ಯವಿದ್ದವರು ಕೆಲಸದ ದಿನದ ಬೆಳಗಿನ ಹೊತ್ತನ್ನು ಆರಿಸಿಕೊಂಡರೆ ಸಿಬ್ಬಂದಿಯ ಜೊತೆ ಬಿಡುವಾಗಿ ಮಾತನಾಡಬಹುದು. ಸದಸ್ಯರಾಗುವ ಉದ್ದೇಶವಿದ್ದರೆ ಗುರುತಿನ ಚೀಟಿ, ವಿಳಾಸದ ಪುರಾವೆ ಮತ್ತು ಭಾವಚಿತ್ರ ಜೊತೆಗಿರಲಿ. ಮಕ್ಕಳ ಸದಸ್ಯತ್ವಕ್ಕೆ ಸಾಮಾನ್ಯವಾಗಿ ಪೋಷಕರ ಸಹಿ ಬೇಕಾಗುತ್ತದೆ.

ಹೊಳೆಯುವ ಹೊಸ ಕಟ್ಟಡದ ಬಾಗಿಲಲ್ಲಿ ನಿಂತು ‘ಇದು ನಮ್ಮಂಥವರಿಗಲ್ಲ’ ಎಂದು ಹಿಂಜರಿಯುವವರಿದ್ದಾರೆ. ಯುನೆಸ್ಕೊ 1949ರಲ್ಲಿ ಮೊದಲು ಹೊರಡಿಸಿದ, 1994ರಲ್ಲಿ ಮತ್ತು ತೀರ ಈಚೆಗೆ 2022ರಲ್ಲಿ ಪರಿಷ್ಕರಣೆಗೊಂಡ ಸಾರ್ವಜನಿಕ ಗ್ರಂಥಾಲಯಗಳ ಪ್ರಣಾಳಿಕೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಯಸ್ಸು, ಲಿಂಗ, ಧರ್ಮ, ರಾಷ್ಟ್ರೀಯತೆ, ಭಾಷೆ, ಸಾಮಾಜಿಕ ಸ್ಥಾನಮಾನ ಯಾವುದನ್ನೂ ಎಣಿಸದೆ ಎಲ್ಲರಿಗೂ ಸಮಾನವಾಗಿ ಸೇವೆ ದೊರೆಯಬೇಕೆಂಬುದು ಅದರ ತಳಹದಿ. ಒಳಗೆ ಹೋಗಲು ಪಂಡಿತರಾಗಿರಬೇಕಿಲ್ಲ. ಬಹಳಷ್ಟು ಕಡೆ ಕುಳಿತು ಓದುವುದಕ್ಕೆ ಸದಸ್ಯತ್ವವೂ ಬೇಡ. ಪುಸ್ತಕವನ್ನು ಮನೆಗೆ ಒಯ್ಯುವವರಿಗಷ್ಟೇ ಅದು ಬೇಕು.

ಮೊದಲ ಸುತ್ತು ಬರಿಗೈಯಲ್ಲಿ

ಪ್ರವೇಶದ್ವಾರದ ಬಳಿ ಇರುವ ಮಹಡಿಗಳ ನಕ್ಷೆಯನ್ನು ನೋಡಿಕೊಂಡು, ಯಾವ ಪುಸ್ತಕವನ್ನೂ ಕೈಗೆತ್ತಿಕೊಳ್ಳದೆ ಇಡೀ ಕಟ್ಟಡವನ್ನು ಒಮ್ಮೆ ಸುತ್ತಿ ಬನ್ನಿ. ವಿಚಾರಣೆಯ ಮೇಜು ಎಲ್ಲಿದೆ, ಸೂಚಿಯ ಕಂಪ್ಯೂಟರ್‌ಗಳು ಎಲ್ಲಿವೆ, ಯಾವ ಜಾಗದಲ್ಲಿ ಮಾತನಾಡಬಹುದು, ಎಲ್ಲಿ ಪೂರ್ಣ ಮೌನ ಕಡ್ಡಾಯ ಎಂಬುದನ್ನು ಗಮನಿಸಿ. ಈಚಿನ ಗ್ರಂಥಾಲಯಗಳನ್ನು ಸದ್ದಿನ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸುವುದು ರೂಢಿಯಾಗುತ್ತಿದೆ. 2018ರ ಡಿಸೆಂಬರ್‌ನಲ್ಲಿ ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ತೆರೆದ ‘ಊಡಿ’ ಗ್ರಂಥಾಲಯದಲ್ಲಿ ನೆಲಮಟ್ಟದ ಅಂಗಳ ಜನ ಸೇರುವುದಕ್ಕೆ, ನಡುವಿನ ಮಹಡಿ ಹೊಲಿಗೆ ಯಂತ್ರ ಮತ್ತು ತ್ರೀಡಿ ಮುದ್ರಣ ಯಂತ್ರಗಳಿರುವ ಕಾರ್ಯಾಗಾರಗಳಿಗೆ, ಮೇಲಿನ ಮಹಡಿ ಪುಸ್ತಕಗಳಿಗೆ ಮೀಸಲು. ಅಲ್ಲಿ ಕೆಳಗಿನ ಗದ್ದಲ ಕಂಡು ‘ಇದೆಂಥ ಗ್ರಂಥಾಲಯ’ ಎಂದು ಮರಳಿ ಹೋದವರಿಗೆ ಪುಸ್ತಕಗಳ ಮಹಡಿಯೇ ಕಾಣದೆ ಹೋದೀತು.

ದೃಷ್ಟಿದೋಷವಿರುವವರು, ಗಾಲಿಕುರ್ಚಿ ಬಳಸುವವರು, ಅವರ ಮನೆಯವರು ಈ ಸುತ್ತಿನಲ್ಲೇ ಇಳಿಜಾರು, ಲಿಫ್ಟ್, ಬ್ರೈಲ್ ಪುಸ್ತಕ, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಇವುಗಳ ಬಗ್ಗೆ ವಿಚಾರಿಸಿಕೊಳ್ಳಬೇಕು. ಅಂಧರಿಗೆ ಮತ್ತು ಮುದ್ರಿತ ಪುಟ ಓದಲಾಗದ ಇತರರಿಗೆ ಪುಸ್ತಕಗಳನ್ನು ಅನುಕೂಲಕರ ರೂಪದಲ್ಲಿ ಸಿದ್ಧಪಡಿಸಿ ಹಂಚಲು ಹಕ್ಕುಸ್ವಾಮ್ಯದಿಂದ ವಿನಾಯಿತಿ ನೀಡುವ ಮರಾಕೆಶ್ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2016ರಲ್ಲಿ ಜಾರಿಗೆ ಬಂದಿದೆ. ಇಂಥ ಪ್ರತಿಗಳನ್ನು ಕೇಳುವುದು ಉಪಕಾರ ಬೇಡಿದಂತಲ್ಲ.

ಸೂಚಿಯಲ್ಲಿ ಹುಡುಕುವುದು

ಗ್ರಂಥಾಲಯದಲ್ಲಿರುವ ಪ್ರತಿಯೊಂದು ಪುಸ್ತಕದ ವಿವರವೂ ಗಣಕೀಕೃತ ಸೂಚಿಯಲ್ಲಿ ಇರುತ್ತದೆ. ಇದನ್ನು ಸಿಬ್ಬಂದಿ ಓಪ್ಯಾಕ್ ಎಂದು ಕರೆಯುವುದುಂಟು. ಹುಡುಕು ಎಂಬ ಚೌಕದಲ್ಲಿ ಪೂರ್ತಿ ವಾಕ್ಯ ಬರೆಯಬೇಡಿ. ‘ಹಕ್ಕಿ’ ಎಂದು ಒಮ್ಮೆ, ‘ಪಕ್ಷಿ’ ಎಂದು ಇನ್ನೊಮ್ಮೆ ಹುಡುಕಿ. ಕನ್ನಡ ಪುಸ್ತಕಗಳನ್ನು ಹುಡುಕುವಾಗ ವಿಶೇಷ ಎಚ್ಚರ ಬೇಕು. ಕೆಲವು ಸೂಚಿಗಳಲ್ಲಿ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ದಾಖಲಿಸಿರುತ್ತಾರೆ, ಕೆಲವುಗಳಲ್ಲಿ ರೋಮನ್ ಅಕ್ಷರಗಳಲ್ಲಿ. ರೋಮನ್ ಅಕ್ಷರಗಳಲ್ಲಿ ದಾಖಲಿಸಿದಾಗ ದೀರ್ಘ ಸ್ವರ ಮತ್ತು ಮಹಾಪ್ರಾಣಗಳ ವಿಷಯದಲ್ಲಿ ಏಕರೂಪತೆ ಇರುವುದಿಲ್ಲ. ಲೇಖಕರ ಹೆಸರಿನ ಮುಂದಿನ ಅಕ್ಷರಗಳ ನಡುವೆ ಚುಕ್ಕಿ ಇದೆಯೋ ಇಲ್ಲವೋ ಎಂಬಷ್ಟರಿಂದಲೇ ಪುಸ್ತಕ ಸಿಗದೆ ಹೋಗುವ ಸೂಚಿಗಳಿವೆ. ಆದುದರಿಂದ ‘ಫಲಿತಾಂಶವಿಲ್ಲ’ ಎಂದು ಬಂದೊಡನೆ ಪುಸ್ತಕವೇ ಇಲ್ಲವೆಂದು ತೀರ್ಮಾನಿಸದೆ, ಶೀರ್ಷಿಕೆಯ ಒಂದೇ ಒಂದು ಪದವನ್ನು ಎರಡೂ ಲಿಪಿಗಳಲ್ಲಿ ಹಾಕಿ ನೋಡಬೇಕು.

ಪುಸ್ತಕ ಸಿಕ್ಕ ಮೇಲೆ ಮೂರು ಸಂಗತಿಗಳನ್ನು ನಿಮ್ಮ ಚೀಟಿಗೆ ಇಳಿಸಿಕೊಳ್ಳಿ: ಕರೆ ಸಂಖ್ಯೆ (ಕಪಾಟಿನಲ್ಲಿ ಪುಸ್ತಕದ ಜಾಗವನ್ನು ತಿಳಿಸುವ ಸಂಖ್ಯೆ), ಮಹಡಿ ಅಥವಾ ವಿಭಾಗ, ಮತ್ತು ಈಗಿನ ಸ್ಥಿತಿ. ಸ್ಥಿತಿಯ ಎದುರು ‘ಲಭ್ಯ’ ಎಂದಿದ್ದರೆ ಪುಸ್ತಕ ಕಪಾಟಿನಲ್ಲಿರಬೇಕು, ‘ಎರವಲು’ ಎಂದಿದ್ದರೆ ಯಾರೋ ಒಯ್ದಿದ್ದಾರೆ, ‘ಪರಾಮರ್ಶನ’ ಎಂದಿದ್ದರೆ ಅಲ್ಲೇ ಕುಳಿತು ಓದಬೇಕು. ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದುಕೊಂಡರೂ ಸಾಕು.

ಕಪಾಟಿನ ಮುಂದೆ

ಹೊಸಬರು ಹೆಚ್ಚು ತಡವರಿಸುವುದು ಇಲ್ಲಿಯೇ ಆದ್ದರಿಂದ ಇದನ್ನು ಕೊಂಚ ವಿವರವಾಗಿ ತಿಳಿಯುವುದು ಒಳ್ಳೆಯದು. ಜಗತ್ತಿನ ಅನೇಕ ಸಾರ್ವಜನಿಕ ಗ್ರಂಥಾಲಯಗಳು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವನ್ನು ಕಾಲಕಾಲಕ್ಕೆ ಪರಿಷ್ಕರಿಸಿದ ರೂಪದಲ್ಲಿ ಅನುಸರಿಸುತ್ತವೆ. ಇದರಲ್ಲಿ ಜ್ಞಾನವನ್ನು ಹತ್ತು ವರ್ಗಗಳಾಗಿ ಹಂಚಲಾಗಿದೆ. 200ರಲ್ಲಿ ಧರ್ಮ, 300ರಲ್ಲಿ ಸಮಾಜ ವಿಜ್ಞಾನ, 400ರಲ್ಲಿ ಭಾಷೆ, 500ರಲ್ಲಿ ವಿಜ್ಞಾನ, 600ರಲ್ಲಿ ವೈದ್ಯಕೀಯ, ಕೃಷಿ, ಅಡುಗೆ ಮುಂತಾದ ಅನ್ವಯಿಕ ವಿದ್ಯೆಗಳು, 800ರಲ್ಲಿ ಸಾಹಿತ್ಯ, 900ರಲ್ಲಿ ಚರಿತ್ರೆ ಮತ್ತು ಭೂಗೋಳ ಬರುತ್ತವೆ. ಕನ್ನಡ ಭಾಷೆಯ ಕುರಿತ ಗ್ರಂಥಗಳು 494.814ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ ಇರುತ್ತವೆ. ವ್ಯಾಕರಣವನ್ನೂ ಕಾದಂಬರಿಯನ್ನೂ ಒಂದೇ ಕಪಾಟಿನಲ್ಲಿ ಹುಡುಕಿದರೆ ಎರಡರಲ್ಲಿ ಒಂದು ಸಿಗುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ನಮ್ಮ ಹಕ್ಕಿಗಳ ಪ್ರಶ್ನೆಗೂ ಇದೇ ಮಾತು: ಪಕ್ಷಿಗಳ ಪ್ರಾಣಿಶಾಸ್ತ್ರ 598ರಲ್ಲಿದ್ದರೆ ಕೋಳಿ ಸಾಕಣೆ 636.5ರಲ್ಲಿ, ಹಕ್ಕಿಗಳ ಚಿತ್ರ ತೆಗೆಯುವ ಛಾಯಾಗ್ರಹಣ ಕಲೆ 770ರ ಆಸುಪಾಸಿನಲ್ಲಿ ಇರುತ್ತದೆ.

ಈಗ ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಸಣ್ಣ ಚೀಟಿಯನ್ನು ಹತ್ತಿರದಿಂದ ನೋಡೋಣ. ಮೇಲಿನ ಸಾಲಿನಲ್ಲಿ ವಿಷಯದ ಸಂಖ್ಯೆ, ಅದರ ಕೆಳಗೆ ಲೇಖಕರ ಹೆಸರನ್ನು ಸೂಚಿಸುವ ಅಕ್ಷರಗಳು ಇರುತ್ತವೆ. ಸಂಖ್ಯೆಯ ಚುಕ್ಕಿಯ ನಂತರದ ಭಾಗವನ್ನು ದಶಾಂಶವಾಗಿಯೇ ಓದಬೇಕು. 598.15 ಮತ್ತು 598.2 ಎಂಬ ಎರಡು ಪುಸ್ತಕಗಳಲ್ಲಿ ಮೊದಲು ಬರುವುದು 598.15. ಹದಿನೈದು ಎರಡಕ್ಕಿಂತ ದೊಡ್ಡದೆಂದು ತಿಳಿದು ಬಲಗಡೆಗೆ ಹುಡುಕುತ್ತಾ ಹೋದವರಿಗೆ ಕಣ್ಣೆದುರಿನ ಪುಸ್ತಕವೂ ಸಿಗುವುದಿಲ್ಲ. ಚುಕ್ಕಿಯ ನಂತರದ ಮೊದಲ ಅಂಕಿಯನ್ನು ಮೊದಲು ಹೋಲಿಸಿ, ಅದು ಸಮವಾಗಿದ್ದರೆ ಮಾತ್ರ ಎರಡನೆಯದಕ್ಕೆ ಹೋಗಿ. ಅಲ್ಲಿಗೆ ತೊಡಕು ಬಗೆಹರಿಯುತ್ತದೆ. ಸಂಖ್ಯೆ ಪೂರ್ತಿ ಒಂದೇ ಆಗಿದ್ದರೆ ಕೆಳಗಿನ ಅಕ್ಷರಗಳ ಕ್ರಮವನ್ನು ಅನುಸರಿಸಿ. ಕಪಾಟುಗಳನ್ನು ಎಡದಿಂದ ಬಲಕ್ಕೆ, ಮೇಲಿನ ಹಲಗೆಯಿಂದ ಕೆಳಗಿನದಕ್ಕೆ ಓದಬೇಕು. ಒಂದು ಕಪಾಟಿನ ಕೊನೆಯ ಹಲಗೆ ಮುಗಿದ ಮೇಲಷ್ಟೇ ಪಕ್ಕದ ಕಪಾಟು.

ಈ ಕ್ರಮ ಎಲ್ಲಿಯೂ ತುಂಡಾಗಬಾರದೆಂಬ ಕಾಳಜಿಯಿಂದಲೇ 2004ರಲ್ಲಿ ತೆರೆದ ಅಮೆರಿಕದ ಸಿಯಾಟಲ್ ಕೇಂದ್ರ ಗ್ರಂಥಾಲಯದಲ್ಲಿ ಸಾಹಿತ್ಯೇತರ ಪುಸ್ತಕಗಳನ್ನು ಹಲವು ಮಹಡಿಗಳುದ್ದಕ್ಕೂ ಏರುವ ಒಂದೇ ಸುರುಳಿ ಹಾದಿಯಲ್ಲಿ ಜೋಡಿಸಲಾಯಿತು. ಒಂದು ವಿಷಯದ ಪುಸ್ತಕಗಳು ಹೆಚ್ಚಾದಾಗ ಅವುಗಳಲ್ಲಿ ಕೆಲವನ್ನು ಬೇರೆ ಮಹಡಿಗೆ ಸಾಗಿಸುವ ಪ್ರಮೇಯ ಅಲ್ಲಿ ಬರುವುದಿಲ್ಲ. ಇಂಥ ವಾಸ್ತುವಿಗೆ ನಿಜಕ್ಕೂ ಗೌರವ ಸಲ್ಲಬೇಕು, ಏಕೆಂದರೆ ಅದು ಹುಡುಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು.

ನಿಮ್ಮ ಪುಸ್ತಕ ಸಿಕ್ಕಿದ ತಕ್ಷಣ ಹೊರಡಬೇಡಿ. ಅದರ ಎಡಬಲದ ಹಲಗೆಗಳನ್ನು ಐದು ನಿಮಿಷ ನೋಡಿ. ವರ್ಗೀಕರಣದ ದೊಡ್ಡ ಲಾಭವೆಂದರೆ ಒಂದೇ ವಿಷಯದ ಪುಸ್ತಕಗಳು ಒಟ್ಟಿಗಿರುವುದು. ನೀವು ಹುಡುಕಿ ಬಂದದ್ದಕ್ಕಿಂತ ನಿಮಗೆ ಒಪ್ಪುವ ಪುಸ್ತಕ ಅಲ್ಲೇ ಪಕ್ಕದಲ್ಲಿ ಇರುವ ಸಂಭವ ಬಹಳ. ನೋಡಿ ಬೇಡವೆನಿಸಿದ್ದನ್ನು ಮಾತ್ರ ಮರಳಿ ಕಪಾಟಿಗೆ ಸೇರಿಸದೆ ಅದಕ್ಕೆಂದೇ ಇಟ್ಟ ಮೇಜು ಅಥವಾ ತಳ್ಳುಬಂಡಿಯ ಮೇಲೆ ಬಿಡಬೇಕು. ತಪ್ಪು ಜಾಗದಲ್ಲಿ ಸೇರಿಸಿದ ಪುಸ್ತಕ ಸೂಚಿಯಲ್ಲಿ ‘ಲಭ್ಯ’ ಎಂದೇ ತೋರಿಸುತ್ತಿರುತ್ತದೆ, ಯಾರ ಕೈಗೂ ಸಿಗುವುದಿಲ್ಲ. ಅಲ್ಲದೆ ಮೇಜಿನ ಮೇಲೆ ಬಿಟ್ಟ ಪುಸ್ತಕಗಳನ್ನು ಎಣಿಸಿ, ಯಾವ ವಿಷಯಕ್ಕೆ ಓದುಗರಿದ್ದಾರೆಂದು ಅಂದಾಜು ಮಾಡುವ ಗ್ರಂಥಾಲಯಗಳೂ ಇವೆ.

ಕೇಳಲು ಸಂಕೋಚ ಬೇಡ

ಹುಡುಕಿ ಹತ್ತು ನಿಮಿಷವಾದರೂ ಸಿಗದಿದ್ದರೆ ವಿಚಾರಣೆಯ ಮೇಜಿಗೆ ಹೋಗಿ. ಯಂತ್ರಗಳೇ ತುಂಬಿರುವ ಗ್ರಂಥಾಲಯದಲ್ಲಿ ಸಿಬ್ಬಂದಿಯನ್ನು ಕೇಳುವುದು ಅವರಿಗೆ ತೊಂದರೆ ಕೊಟ್ಟಂತೆ ಎಂದು ಭಾವಿಸುವವರಿದ್ದಾರೆ. ಗಣಿತದ ಅಧ್ಯಾಪಕರಾಗಿದ್ದು ನಂತರ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆನ್ನುತ್ತದೆ. ನಿಮಗೆ ನೆರವಾಗುವುದು ಅವರ ವೃತ್ತಿಯ ತಿರುಳು. ಕೇಳುವಾಗ ‘ಹಕ್ಕಿ ಪುಸ್ತಕ ಎಲ್ಲಿದೆ ಸರ್’ ಎಂದಷ್ಟೇ ಹೇಳದೆ, ಯಾರಿಗಾಗಿ, ಯಾವ ಭಾಷೆಯಲ್ಲಿ, ಯಾವ ಉದ್ದೇಶಕ್ಕೆ ಎಂಬುದನ್ನೂ ಸೇರಿಸಿ. ಹತ್ತು ವರ್ಷದ ಮಗುವಿಗೆ ಬೇಕಾದ ಪುಸ್ತಕ ಬೇರೆ, ಸಂಶೋಧನೆಗೆ ಬೇಕಾದದ್ದು ಬೇರೆ. ಸಿಬ್ಬಂದಿಯೂ ಆ ಕಟ್ಟಡಕ್ಕೆ ಹೊಸಬರಾಗಿರಬಹುದಾದ್ದರಿಂದ ಒಂದಿಷ್ಟು ತಾಳ್ಮೆ ಇರಲಿ.

ಎರವಲು ಯಂತ್ರದ ಬಳಿ

ಹೊಸ ಗ್ರಂಥಾಲಯಗಳಲ್ಲಿ ಪುಸ್ತಕದ ಒಳಗೆ ಆರ್‌ಎಫ್‌ಐಡಿ ಎಂಬ ತೆಳ್ಳನೆಯ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಅದರಲ್ಲಿ ಒಂದು ಸಣ್ಣ ಚಿಪ್ ಮತ್ತು ಅದರ ಸುತ್ತ ಲೋಹದ ತಂತು ಇರುತ್ತದೆ. ಯಂತ್ರ ಹೊರಸೂಸುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ಅದು ತನ್ನ ಗುರುತನ್ನು ತಿಳಿಸುತ್ತದೆ. ಬಾರ್‌ಕೋಡಿನಂತೆ ಒಂದೊಂದನ್ನೇ ತಿರುಗಿಸಿ ತೋರಿಸಬೇಕಿಲ್ಲ. ಸದಸ್ಯತ್ವ ಕಾರ್ಡನ್ನು ತೋರಿಸಿ, ಮೂರು ನಾಲ್ಕು ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟರೂ ಯಂತ್ರ ಎಲ್ಲವನ್ನೂ ಓದುತ್ತದೆ. ಆದರೂ ಪರದೆಯ ಮೇಲಿನ ಶೀರ್ಷಿಕೆಗಳನ್ನು ಕೈಯಲ್ಲಿರುವ ಪುಸ್ತಕಗಳೊಂದಿಗೆ ತಾಳೆ ನೋಡದೆ ‘ಮುಗಿಯಿತು’ ಗುಂಡಿ ಒತ್ತಬಾರದು. ಲೋಹದ ಹಾಳೆಯ ಹೊದಿಕೆ ಇರುವ ಅಥವಾ ತೀರ ತೆಳ್ಳಗಿನ ಪುಸ್ತಕಗಳು ಒತ್ತೊತ್ತಾಗಿದ್ದರೆ ಒಂದೆರಡು ಬಿಟ್ಟುಹೋಗಬಹುದು. ಅಂಥವನ್ನು ಬಿಡಿಯಾಗಿ ಇಡಿ. ದಾಖಲಾಗದ ಪುಸ್ತಕವನ್ನು ಹಿಡಿದು ಹೊರಟರೆ ಬಾಗಿಲ ಬಳಿಯ ಕಂಬಗಳು ಸದ್ದು ಮಾಡುತ್ತವೆ. ಹಾಗಾದಾಗ ಗಾಬರಿಯಾಗದೆ ಕೌಂಟರಿಗೆ ಮರಳಿ ತೋರಿಸಿದರಾಯಿತು.

ಯಂತ್ರ ಕೊಡುವ ಚೀಟಿಯಲ್ಲಿ ಹಿಂದಿರುಗಿಸುವ ದಿನಾಂಕವಿರುತ್ತದೆ. ಪುಸ್ತಕವನ್ನು ಬೇರೆ ಯಾರೂ ಕಾಯ್ದಿರಿಸಿಲ್ಲವಾದರೆ ಅವಧಿಯನ್ನು ಮನೆಯಿಂದಲೇ ವಿಸ್ತರಿಸುವ ಸೌಲಭ್ಯ ಬಹಳಷ್ಟು ಕಡೆ ಇದೆ. ಹಿಂದಿರುಗಿಸುವಾಗಲೂ ಚೀಟಿ ಪಡೆದುಕೊಳ್ಳಿ. ಗ್ರಂಥಾಲಯದ ಕಂಪ್ಯೂಟರ್ ಬಳಸಿದ್ದರೆ ನಿಮ್ಮ ಖಾತೆಗಳಿಂದ ಹೊರಬಂದೇ ಏಳಬೇಕು. ಇ-ಪುಸ್ತಕ ಮತ್ತು ದತ್ತಾಂಶ ಸಂಗ್ರಹಗಳಿಗೆ ಪ್ರತ್ಯೇಕ ಪ್ರವೇಶ ಪದ (ಪಾಸ್‌ವರ್ಡ್) ಇದೆಯೇ ಎಂದು ಅಂದೇ ಕೇಳಿಕೊಂಡರೆ ಮುಂದಿನ ಅರ್ಧದಷ್ಟು ಕೆಲಸ ಮನೆಯಲ್ಲೇ ಆಗುತ್ತದೆ.

ಹೊರಡುವ ಮುನ್ನ ಒಂದು ಸಲಹೆ ಬರೆಯಿರಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ; ನನ್ನ ದೃಷ್ಟಿಯಲ್ಲಿ ಹೊಸ ಗ್ರಂಥಾಲಯದ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ತೆರೆದ ಹೊಸತರಲ್ಲಿ ಕಪಾಟಿನಲ್ಲಿರುವ ಪುಸ್ತಕಗಳು ಓದುಗರು ಬರುವ ಮೊದಲೇ, ಅವರಿಗೆ ಏನು ಬೇಕಾಗಬಹುದೆಂಬ ಊಹೆಯ ಮೇಲೆ ಕೊಂಡವು. ಯಾವ ವಿಷಯದಲ್ಲಿ ಕೊರತೆಯಿದೆ, ಯಾವುದು ಅಗತ್ಯಕ್ಕಿಂತ ಹೆಚ್ಚಿದೆ ಎಂಬುದು ಮೊದಲ ಓದುಗರು ಹೇಳಿದರಷ್ಟೇ ಗೊತ್ತಾಗುತ್ತದೆ. ಖಾಲಿ ಹಲಗೆಗಳು ಇನ್ನೂ ಇರುವ ಈ ಕಾಲದಲ್ಲಿ ಬರೆದ ಸಲಹೆಗೆ ಬೆಲೆ ಹೆಚ್ಚು.

ಪುಸ್ತಕ ಖರೀದಿಯ ಸಲಹಾ ನಮೂನೆ ಅಥವಾ ವಹಿಯನ್ನು ಕೇಳಿ ಪಡೆಯಿರಿ. ‘ಒಳ್ಳೆಯ ಕಾದಂಬರಿಗಳನ್ನು ತರಿಸಿ’ ಎಂದು ಬರೆದರೆ ಪ್ರಯೋಜನವಿಲ್ಲ. ಶೀರ್ಷಿಕೆ, ಲೇಖಕರು, ಪ್ರಕಾಶಕರು, ಸಾಧ್ಯವಿದ್ದರೆ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ, ಇವಿಷ್ಟನ್ನು ಸ್ಪಷ್ಟವಾಗಿ ಬರೆಯಬೇಕು. 2007ರಿಂದ ಈ ಸಂಖ್ಯೆಯಲ್ಲಿ 13 ಅಂಕಿಗಳಿದ್ದು, ಅದು 978 ಅಥವಾ 979ರಿಂದ ಆರಂಭವಾಗುತ್ತದೆ. ಪುಸ್ತಕದ ಹಿಂಬದಿಯ ಬಾರ್‌ಕೋಡಿನ ಬಳಿ ಸಿಗುತ್ತದೆ. ಸೂಚಿಯಲ್ಲಿ ‘ಲಭ್ಯ’ ಎಂದಿದ್ದೂ ಕಪಾಟಿನಲ್ಲಿ ಸಿಗದ ಪುಸ್ತಕ, ತಪ್ಪಾದ ಫಲಕ, ಬೆಳಕು ಸಾಲದ ಮೂಲೆ ಇವನ್ನೂ ಅದೇ ನಮೂನೆಯಲ್ಲಿ ತಿಳಿಸಬಹುದು. ಒಂದೆರಡು ತಿಂಗಳ ಬಳಿಕ ನೀವು ಸೂಚಿಸಿದ ಪುಸ್ತಕವನ್ನು ಸೂಚಿಯಲ್ಲಿ ಹುಡುಕಿ ನೋಡಿ. ಬಂದಿದ್ದರೆ ಕಾಯ್ದಿರಿಸಿ, ಬಂದಿರದಿದ್ದರೆ ಸಲಹೆ ಏನಾಯಿತೆಂದು ವಿಚಾರಣೆಯ ಮೇಜಿನಲ್ಲಿ ಕೇಳಿ.